ಕ್ಯಾಮರಾದ ಕಣ್ಣಿಗೆ ಇಟ್ಟ ಕುಂಕುಮ

ಈ ಸುರಕ್ಷತಾ ದಿನದ ಸಭೆಯ ಅಧ್ಯಕ್ಷರೂ ನಮ್ಮ ತೆಂಗಿನ ನಾರಿನ ಕಾರ್ಖಾನೆಯ ಮಾಲೀಕರೂ ಆದ ವಿಜಯೇಂದ್ರ ಅವರೇ, ಮೈಸೂರಿನಿಂದ ಬಂದಿರುವ ಅತಿಥಿಗಳೇ, ವೇದಿಕೆಯ ತುದಿಯಲ್ಲಿ ಕುಳಿತಿರುವ ರಾಮಸ್ವಾಮಿಯವರೇ, ಶಾಮಿಯಾನದಲ್ಲಿ ಜಾಗ ಸಾಲದೆ ಸಿಪ್ಪೆಯ ರಾಶಿ ಹತ್ತಿ ಕುಳಿತಿರುವ ಸಭಿಕರೇ,

ನಾನು ಬಿಸ್ಮಿಲ್ಲಾ ಬೀ. ಇಲ್ಲಿ ತೆಂಗಿನ ಸಿಪ್ಪೆಯನ್ನು ಯಂತ್ರಕ್ಕೆ ಕೊಡುತ್ತಿದ್ದ ಪೀರ್ ಅಹಮದ್ ಅವರ ಹೆಂಡತಿ. ಕೆ.ಆರ್. ಪೇಟೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ತೀರಿಹೋದ ನನ್ನ ಗಂಡನ ಹೆಸರಿನಲ್ಲಿ ಇಂದು ಹೊಸ ಕ್ಯಾಮರಾ ಹಾಕಿಸಿದ್ದೀರಿ. ಸಂತೋಷದಿಂದ ಎರಡು ಮಾತು ಹೇಳಮ್ಮ ಅಂದಿದ್ದೀರಿ. ಸಂತೋಷವನ್ನು ಎಲ್ಲಿಂದ ತರಲಿ? ನನ್ನ ಹತ್ತಿರ ಇರುವುದು ನಾಚಿಕೆ. ಅದನ್ನೇ ಹೇಳುತ್ತೇನೆ.

ಕೃತಕ ಬುದ್ಧಿಮತ್ತೆಯ ಕ್ಯಾಮರಾ ಬಗ್ಗೆ ಅತಿಥಿಗಳು ಚೆನ್ನಾಗಿ ವಿವರಿಸಿದರು. ಅಂಥದ್ದೇ ಹಳೆಯ ಕ್ಯಾಮರಾ ಬಂದಾಗ ಇಲ್ಲಿಯವರಿಗೆ ಆ ದೊಡ್ಡ ಹೆಸರು ಬಾಯಿಗೆ ಬರಲಿಲ್ಲ. ಯಂತ್ರದ ಮುಂದಿನ ಹಳದಿ ಗೆರೆ ದಾಟಿ, ಸಿಪ್ಪೆಯನ್ನು ಒಳಗೆಳೆಯುವ ರೋಲರ್ ಹತ್ತಿರ ಕೈ ಹೋದರೆ ಅದು ಕೂಗುತ್ತಿತ್ತು, ಯಂತ್ರವನ್ನು ತಾನೇ ನಿಲ್ಲಿಸುತ್ತಿತ್ತು. ಸದಾ ನೋಡುತ್ತಾ, ಸದಾ ಬೈಯುತ್ತಾ ಇದ್ದುದರಿಂದ ಎಲ್ಲರೂ ಸೇರಿ ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟರು. "ಲೇ, ಅತ್ತೆ ನೋಡ್ತಾವ್ಳೆ ಕಣ್ಲಾ, ಕೈ ಇಂದಕ್ ತಗಿ!" ನನ್ನ ಗಂಡ ಮನೆಗೆ ಬಂದು ನನ್ನ ತಾಯಿಯನ್ನೇ ರೇಗಿಸುತ್ತಿದ್ದರು, "ನಿಮಗಿಂತ ಕಾರ್ಖಾನೆ ಅತ್ತೆನೇ ವಾಸಿ, ಬೈದ್ರೂ ಜೀವ ಉಳಿಸ್ತಾಳೆ" ಅಂತ.

ಅದರ ಮೇಲೆ ಅವರಿಗೆ ಎಷ್ಟು ನಂಬಿಕೆ! ಮೊದಲೆಲ್ಲ ಸಿಕ್ಕಿಕೊಂಡ ಸಿಪ್ಪೆಯನ್ನು ಕೋಲಿನಿಂದ ತಳ್ಳುತ್ತಿದ್ದವರು, ಅದು ಬಂದ ಮೇಲೆ ಕೈಯಲ್ಲೇ ತಳ್ಳತೊಡಗಿದರು. ಕೈ ಮುಂದೆ ಹೋದರೆ ಅದು ನಿಲ್ಲಿಸುತ್ತದಲ್ಲ?

ಆಯುಧಪೂಜೆ ಬಂತು. ರಾಮಸ್ವಾಮಿಯವರು ದೇವಸ್ಥಾನದ ಮನೆತನದವರು, ಇಲ್ಲಿ ಆಫೀಸು ಕೆಲಸದ ಜೊತೆ ಹಬ್ಬದ ಪೂಜೆಯೂ ಅವರದೇ. "ಎಲ್ಲರನ್ನೂ ಕಾಯೋದೇ ಇದು, ಇದನ್ನ ಬಿಟ್ಟರೆ ಹೇಗೆ?" ಎಂದು ಏಣಿ ಹತ್ತಿ ಕ್ಯಾಮರಾಕ್ಕೂ ಗಂಧ, ಕುಂಕುಮ ಇಟ್ಟರು. ಗಾಜಿನ ಮೇಲೆ, ನಟ್ಟನಡುವೆ. ಕ್ಯಾಮರಾಕ್ಕೆ ಹಣೆ ಎಲ್ಲಿ, ಕಣ್ಣು ಎಲ್ಲಿ ಎಂದು ಅವರಿಗೆ ಯಾರು ಹೇಳಿದ್ದರು?

ಹಬ್ಬ ಕಳೆದು ಕೆಲಸ ಶುರುವಾದಾಗ ನನ್ನ ಗಂಡನ ಕಣ್ಣಿಗೆ ಅದು ಬಿತ್ತು. ಜೊತೆಯಲ್ಲಿದ್ದ ತಿಮ್ಮರಾಜುಗೆ ಹೇಳಿದರಂತೆ, "ಅತ್ತೆ ಕಣ್ಣಿಗೇ ಕುಂಕುಮ ಮೆತ್ಕೊಂಡದೆ ಕಣ್ಲಾ, ಒಸಿ ಒರ್ಸ್‌ಬುಡು."

"ಪೂಜೆ ಕುಂಕುಮ ಒರ್ಸ್‌ಬಾರ್ದು ಕಣ್ ಪೀರಣ್ಣ. ತಾನೇ ಉದುರ್ತದೆ ಬುಡು."

ಇವರು ಒರೆಸಲಿಲ್ಲ. ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಕೇಳಿದರು. ನಮ್ಮ ಮನೆ ಮಾತು ಉರ್ದು, ಕನ್ನಡದಲ್ಲಿ ಹೇಳುತ್ತೇನೆ. "ನಾಳೆ ನಾನೇ ಒರೆಸಿಬಿಡ್ಲಾ?" ನಾನು ತಲೆ ಎತ್ತಲೂ ಇಲ್ಲ. "ಅಜೀ, ಸುಮ್ಕಿರಿ. ಪೀರ್ ಅಹಮದ್ ಪೂಜೆ ಕುಂಕುಮ ಅಳಿಸ್ದ ಅಂತ ಯಾರಾದ್ರೂ ಒಂದು ಮಾತು ಎತ್ತಿದ್ರೆ? ನಮಗ್ಯಾಕೆ?" ಅವರು ರೊಟ್ಟಿ ಮುರಿದು, "ಅದೂ ನಿಜ" ಅಂದರು.

ಮಾರನೆಯ ದಿನ ಸಿಪ್ಪೆ ಸಿಕ್ಕಿಕೊಂಡಿತು. ಇವರು ರೂಢಿಯಂತೆ ಕೈ ಹಾಕಿದರು. ಅತ್ತೆ ಕೂಗಲಿಲ್ಲ, ಯಂತ್ರ ನಿಲ್ಲಲಿಲ್ಲ. ಕೈ ಕಂಡರೆ ನಿಲ್ಲಿಸು ಎಂದು ಕಲಿಸಿದ್ದರಂತೆ. ಏನೂ ಕಾಣದಿದ್ದರೂ ನಿಲ್ಲಿಸು ಎಂದು ಕಲಿಸಿರಲಿಲ್ಲವಂತೆ.

ಟೆಂಪೋದಲ್ಲಿ ನನ್ನ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದವರು ಇದೇ ರಾಮಸ್ವಾಮಿಯವರು. ಮಂಡ್ಯ ತಲುಪುವ ಮೊದಲೇ ಉಸಿರು ನಿಂತಿತು. ಆಮೇಲೆ ಒಂದು ದಿನ ನಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ನಂಗೊಂದು ಮಾತು ಹೇಳ್ಬಾರ್ದಿತ್ತೇನಮ್ಮ ಅವನು? ನನ್ನ ಪಂಚೆಯಲ್ಲೇ ಒರೆಸ್ತಿದ್ನಲ್ಲ!"

ನಾನು ಉತ್ತರ ಕೊಡಲಿಲ್ಲ. ಹೇಗೆ ಕೊಡಲಿ? ನಿಮಗೇ ಹೆದರಿ ಸುಮ್ಮನಾದೆವು ಎಂದು ಹೇಗೆ ಹೇಳಲಿ? ನನ್ನ ಮಗಳು ಶಾಜಿಯಾ ಹುಟ್ಟಿದಾಗ ನನಗೆ ಬಾಣಂತನದ ಸಾರು ಮಾಡಿ ಕಳಿಸಿದ್ದು ಅವರ ಮನೆಯ ಕೌಸಲ್ಯಮ್ಮ. ಅಂಥವರನ್ನು ಕೇಳುವುದಕ್ಕೆ ನಮಗೆ ಬಾಯಿ ಬರಲಿಲ್ಲ. ರಾಮಸ್ವಾಮಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ತಲೆ ತಗ್ಗಿಸಬೇಡಿ, ತಗ್ಗಿಸಬೇಕಾದವಳು ನಾನು.

ಅಲ್ಲಿಗೂ ನನಗೆ ಬುದ್ಧಿ ಬಂತೇ? ಈ ಬೆಳಿಗ್ಗೆ ಹೊಸ ಕ್ಯಾಮರಾಕ್ಕೆ ಪೂಜೆಯಾಯಿತು. ರಾಮಸ್ವಾಮಿಯವರು ಈ ಸಲ ಮುಟ್ಟಲಿಲ್ಲ, ಹಿಂದೆ ನಿಂತಿದ್ದರು. ಅತಿಥಿಗಳು ಪ್ರೀತಿಯಿಂದ ಕುಂಕುಮ ಇಟ್ಟರು. ಅವರಿಗೆ ಈ ಕಥೆ ಗೊತ್ತಿಲ್ಲ. ಬೆರಳು ಗಾಜಿನ ಮೇಲೆಯೇ ಹೋಯಿತು. ನಾನು ಎದುರಿಗೇ ಇದ್ದೆ. ನೋಡಿದೆ. ಸೆರಗು ಕೈಯಲ್ಲಿತ್ತು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ.

ಊಟವಾದ ಮೇಲೆ ಯಂತ್ರ ಶುರು ಮಾಡುತ್ತಾರಂತೆ. ತಿಮ್ಮರಾಜು ಅದರ ಮುಂದೆ ನಿಲ್ಲುತ್ತಾನಂತೆ. ಈ ಕ್ಯಾಮರಾಕ್ಕಾದರೂ ಕಾಣದಿದ್ದರೆ ನಿಲ್ಲಿಸು ಎಂದು ಕಲಿಸಿದ್ದೀರಾ, ವಿಜಯೇಂದ್ರ ಅವರೇ? ನನಗೆ ತಿಳಿಯದು, ವಿಚಾರಿಸಿ ಹೇಳಿ. ಅಲ್ಲಿಯವರೆಗೆ ಕಾಯಲಾರೆ.

ಅತಿಥಿಗಳೇ, ನಿಮ್ಮ ಕೈಯ ಕುಂಕುಮವನ್ನು ಅಳಿಸುತ್ತಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಚ್ಚಿಕೊಂಡರೂ ಅಳಿಸುತ್ತೇನೆ. ರಾಮಸ್ವಾಮಿಯವರೇ, ಎದ್ದು ಬನ್ನಿ, ಸ್ವಲ್ಪ ಏಣಿ ಹಿಡಿದುಕೊಳ್ಳಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮೆಲ್ಲರಿಂದ ಉಪಕಾರವಾಯಿತು. ನಮಸ್ಕಾರ.