ಹಗ್ಗದ ಮೇಲಿನ ಲಂಗೋಟಿ

ಟಾಂಜಾನಿಯಾದ ಟಾಂಗಾ ಊರಿನ ಆಸ್ಪತ್ರೆಯಲ್ಲಿ ಕೂಸುಗಳ ತೂಕ ನೋಡಿಸುವ ಸಾಲು. ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು.

“ರೀ, ನಾನು ಸುತ್ಕೊಳ್ಳೋ ಹಳೇ ಕಾಂಗಾ ಬಟ್ಟೆ ಹರಿದು ಲಂಗೋಟಿ ಮಾಡ್ತೀನಿ. ಡೈಪರ್ ಹಾಕಿ ಹಾಕಿ ಮಗು ತೊಡೆಯೆಲ್ಲ ಕೆಂಪಾಗಿದೆ.”

“ಬೇಡ ರಿಜಿಕಿ. ಹಗ್ಗದ ತುಂಬ ಲಂಗೋಟಿ ನೋಡಿದ್ರೆ, ಈ ಮಕಾಮೆಗೆ ಡೈಪರ್ ತರೋ ಯೋಗ್ಯತೆ ಇಲ್ಲ ಅಂತ ನನ್ನನ್ನೇ ಆಡ್ಕೋತಾರೆ ನೆರೆಯವರು.”

“ನಿಮಗೆ ಒಗೆಯೋಕೆ ಸೋಮಾರಿತನ ಅನ್ನಿ.”

“ಅದೂ ಇದೆ.”

“ಒಂಬತ್ತು ವರ್ಷ ನಮ್ಮ ಹಗ್ಗದಲ್ಲಿ ಕೂಸಿನ ಬಟ್ಟೆ ಇಲ್ಲ ಅಂತ ಆಡ್ಕೊಂಡವರೂ ಅವರೇ ಅಲ್ವಾ?”

ಅವನು ಅವಳ ತೋಳಲ್ಲಿದ್ದ ಕೂಸಿನ ಹೊದಿಕೆ ಸರಿಮಾಡಿದ.

“ಯಾವ ಕಾಂಗಾ ಹರೀತೀಯ?”

“‘ದೇವರು ತಡ ಮಾಡ್ತಾನೆ, ಮರೆಯಲ್ಲ’ ಅಂತ ಅಚ್ಚು ಹಾಕಿದೆಯಲ್ಲ, ಅದು.”

“ಅಕ್ಷರ ಕೆಡದ ಹಾಗೆ ಕತ್ತರಿಸು. ಹಗ್ಗ ನಾನು ರಸ್ತೆ ಕಡೆಗೆ ಕಟ್ತೀನಿ.”

ನರ್ಸ್ ಕರೆದಳು. ಕೂಸನ್ನು ಅವನೇ ಎತ್ತಿಕೊಂಡು ಒಳಗೆ ಹೋದ.