ಊಟದ ಗಂಟೆಯ ಬಾಲಕ್ಕೆ ಬ್ರಾಕೆಟ್

ಊಟದ ಗಂಟೆ ಹೊಡೆಸುವ ಕಂಪ್ಯೂಟರ್ ಕೋಡಿನ ಫಂಕ್ಷನ್ನಿನ ಕೊನೆಗೆ ನಿನ್ನೆ ತಾನು ಇಟ್ಟ ಒಂದು ಜೋಡಿ ಬ್ರಾಕೆಟ್ಟನ್ನು ಇಡಬಾರದಿತ್ತೇನೋ ಎಂಬ ಅಳುಕಿನಲ್ಲೇ, ರುವೊಹಾನ್ ಶಿಂಚು ನಗರದ ತನ್ನ ಆಫೀಸಿನಲ್ಲಿ ಲಿಫ್ಟಿಗಾಗಿ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಹಿರಿಯ ಎಂಜಿನಿಯರ್ ಚುವಾಂಗ್, ಅವನ ಜೊತೆ ಅವನ ತಂಡದ ಹುಡುಗಿ ಪೇಶಾನ್.

"ಬೆಳಿಗ್ಗೆಯಿಂದ ಇದು ಐದನೇ ಊಟ ಕಣಮ್ಮ," ಎಂದ ಚುವಾಂಗ್.

"ಗುಂಡಿ ಒತ್ತಿದ್ರೆ ತಾನೇ ಗಂಟೆ ಹೊಡೀಬೇಕು, ಅಣ್ಣ? ಈಗ ಯಾರು ಗಂಟೆಯ ವೆಬ್ ಪುಟ ತೆರೆದ್ರೂ ಹೊಡೀತಿದೆ," ಎಂದಳು ಪೇಶಾನ್.

"ಸರಿಹೋಯ್ತಾ ನೋಡೋಣ ಅಂತ ನಾನೂ ತೆರೆದೆ. ಹೊಡೀತು. ಹೋಗಿ ಉಂಡ್ಬಂದೆ."

"ಫಂಕ್ಷನ್ನನ್ನ ಒಂದು ಹೆಸರಿಗೆ ಕಟ್ಟಿಟ್ರೆ, ಕರೆಯೋವರೆಗೂ ಸುಮ್ನಿರುತ್ತೆ. ಬಾಲಕ್ಕೆ ಬ್ರಾಕೆಟ್ ಅಂಟಿಸಿದ್ರೆ ಹುಟ್ಟಿದ ತಕ್ಷಣ ಓಡುತ್ತೆ. ಯಾರೋ ಅಂಟಿಸಿರ್ಬೇಕು."

"ಬ್ರಾಕೆಟ್ಟೂ ಇಲ್ಲ, ಮಣ್ಣೂ ಇಲ್ಲ! ಯಂತ್ರ ತಂಟೆ ಮಾಡದಿರ್ಲಿ ಅಂತ ಹರಕೆ ಥರ ಸರ್ವರ್ ನೆತ್ತಿ ಮೇಲಿಟ್ಟಿರೋ ಹಸಿರು ಕುರುಕಲು ಪೊಟ್ಟಣದ ತಾರೀಕು ಮುಗಿದಿದೆ. ಹಳೇ ಪೊಟ್ಟಣಕ್ಕೆ ಯಂತ್ರ ಮಾತು ಕೇಳುತ್ತಾ?"

"ಅದನ್ನ ಬದಲಾಯಿಸೋದು ಕಾವಲಿನ ಫಾಂಗ್ ತಾತ ಅಲ್ವಾ?"

"ಹೂಂ. ಮರೆತ್ನಂತೆ. ಇವತ್ತೇ ಕೆಲಸದಿಂದ ತೆಗೀತಾರೆ."

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ಮುಚ್ಚುತ್ತಿದ್ದ ಬಾಗಿಲಿಗೆ ರುವೊಹಾನ್ ಕೈ ಅಡ್ಡ ಹಿಡಿದಳು.

"ತಾತನ ತಪ್ಪಿಲ್ಲ, ಅಣ್ಣ. ಬ್ರಾಕೆಟ್ ಅಂಟಿಸಿದ್ದು ನಾನು."