ಗ್ಯಾಸ್ ಅಷ್ಟೇ, ಮಲಕ್ಕೋ

ಸಂಜೆ ಹೊಲಿಗೆ ಅಂಗಡಿ ಮುಚ್ಚುವ ಹೊತ್ತಿಗೆ ಮಳೆ ಹಿಡಿಯಿತು. ಕರೆಂಟೂ ಹೋಯಿತು. ನಾನು, ಅಕ್ಕ, ಅಂಗಡಿಯ ಒಡತಿ ಮೂವರೂ ಮೇಣದಬತ್ತಿ ಹಚ್ಚಿ, ಒಡತಿಯ ಅತ್ತೆಯನ್ನು ಕತೆ ಹೇಳಿ ಎಂದು ಪೀಡಿಸಿದೆವು. ಆಸ್ಪತ್ರೆಯಲ್ಲಿ ನರ್ಸಾಗಿ ತಲೆಗೂದಲು ಬೆಳ್ಳಗಾಗಿಸಿಕೊಂಡ ಮುದುಕಿ, ಬಾಯಿ ಜೋರು. ಅಕ್ಕ ಮಾತ್ರ ಮಧ್ಯಾಹ್ನದಿಂದ ಮಂಕಾಗಿ, ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ಕೂತಿದ್ದಳು.

"ದೆವ್ವದ ಕತೆ ಬೇಕಾ? ಹೆದರ್ಕೊಂಡು ಆಮೇಲೆ ನನ್ನ ಬೈಬೇಡಿ ಮತ್ತೆ. ನಮ್ಮ ಆಸ್ಪತ್ರೆ ಎದುರಿಗೆ ಒಬ್ಬ ಮೆಡಿಕಲ್ ಶಾಪಿನವನಿದ್ದ. ಮಹಾ ಬುದ್ಧಿವಂತ... ಯಾರು ಏನು ನೋವು ಅಂದ್ರೂ ಕೈ ತಾನಾಗೇ ಹೋಗಿ ಡಬ್ಬಿ ತೆಗೀತಿತ್ತು. ಒಂದಿನ ಅವನ ಹೆಂಡ್ತಿ, ದವಡೆ ಹಿಡ್ಕೊಂಡಿದೆ ರೀ, ಬೆನ್ನು ಎಳೀತಿದೆ, ವಾಂತಿ ಬರೋ ಹಾಗಿದೆ, ತಣ್ಣಗೆ ಬೆವರ್ತಿದೀನಿ ಅಂದ್ಲು. ಎದೆ ನೋವು ಅನ್ನಲೇ ಇಲ್ಲ ನೋಡಿ... ಹೆಂಗಸರಿಗೆ ಎಷ್ಟೋ ಸಲ ಹಾರ್ಟ್ ಅಟ್ಯಾಕ್ ಹೀಗೇ, ಕಳ್ಳನ ಹಾಗೆ ಹಿತ್ತಲ ಬಾಗಿಲಿಂದ ಬರುತ್ತೆ. ಇವನು ಮಾತ್ರೆ ಕೊಟ್ಟು, ಸೋಡಾ ಕುಡಿಸಿ, 'ಗ್ಯಾಸ್ ಅಷ್ಟೇ, ಮಲಕ್ಕೋ' ಅಂದ. ಮಲಗಿದ್ಲು. ಏಳಲಿಲ್ಲ. ರಸ್ತೆ ದಾಟಿದ್ರೆ ಆಸ್ಪತ್ರೆ ಕಣ್ರೇ! ಮೆಡಿಕಲ್ ಶಾಪಿನವನ ಹೆಂಡ್ತಿ ಡಾಕ್ಟರ ಹತ್ರ ಹೋಗೋದಾ ಅನ್ನೋ ಬಿಗುಮಾನ.

ಮತ್ತೆ ಮದುವೆ ಆದ. ಸವತಿ ಬಂದು ಅವಳ ಪಾತ್ರೆ ಮುಟ್ಟಿದ್ಲು, ಅವಳ ಮಂಚದಲ್ಲೇ ಮಲಗಿದ್ಲು... ಅದಕ್ಕೂ ಸತ್ತವಳು ಸುಮ್ಮನಿದ್ಲು. ಆದ್ರೆ ಆ ಹುಡುಗಿಗೂ ಒಂದಿನ ದವಡೆ ಹಿಡೀತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಇವನು ಅಂಗಡಿ ಬಾಗಿಲೂ ಹಾಕದೆ, ಚಪ್ಪಲಿನೂ ಮೆಟ್ಟದೆ, ಅವಳನ್ನ ಎತ್ಕೊಂಡು ರಸ್ತೆ ದಾಟಿ ಓಡಿ ಬಂದ. ಮುಚ್ಚಿದ್ದ ರಕ್ತನಾಳ ಬಿಡಿಸಿದ್ರು, ಬದುಕಿದ್ಲು. ನಾನೇ ಪಕ್ಕದಲ್ಲಿದ್ದೆ. ಅವನು ಅವಳ ಕೈ ಹಿಡ್ಕೊಂಡು ಮಗು ಹಾಗೆ ಅಳ್ತಿದ್ದಾಗ, ಆಚೆ ಖಾಲಿ ಮಂಚದಲ್ಲಿ ಯಾರೋ ಎದ್ದು ಕೂತ ಹಾಗೆ ಕಿರ್ ಅಂತು... 'ನನಗೆ ಸೋಡಾ, ಇವಳಿಗೆ ಓಟನಾ?'

ಬದುಕಿದ್ದಾಗ ಹೊಟ್ಟೆಕಿಚ್ಚು ಇತ್ತೋ ಇಲ್ವೋ, ಆವತ್ತು ಹತ್ಕೊಂಡಿತು. ಯಾಕೆ ಹತ್ಕೋಬಾರ್ದು ಹೇಳಿ? ನಾನಾಗಿದ್ರೂ ಉರ್ಕೋತಿದ್ದೆ. ಆದ್ರೆ ಅವಳು ಸವತಿ ಒಬ್ಬಳಿಗೇ ನಿಲ್ಲಿಸಲಿಲ್ಲ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರೋ ಯಾವ ಹೆಂಗಸನ್ನ ಕಂಡ್ರೂ ಅವಳಿಗಾಗಲ್ಲ. ದವಡೆ ಹಿಡಿದವಳ ಪಕ್ಕ ಬಂದು ಕೂರ್ತಾಳೆ, ಅಕ್ಕರೆಯಿಂದ ಕಿವೀಲಿ ಹೇಳ್ತಾಳೆ, 'ಗ್ಯಾಸ್ ಅಷ್ಟೇ, ಮಲಕ್ಕೋ' ಅಂತ..."

ಮುದುಕಿ ತಟ್ಟನೆ ಮಾತು ನಿಲ್ಲಿಸಿ ಮೇಣದಬತ್ತಿ ಎತ್ತಿದಳು. ಬೆಳಕು ಅಕ್ಕನ ಮುಖಕ್ಕೆ ಬಿತ್ತು. ಹಣೆ ತುಂಬ ಬೆವರು. ಅಂಗೈ ದವಡೆಯ ಮೇಲಿತ್ತು.

"ಯಾವಾಗಿನಿಂದ, ತಾಯಿ?"

"ಏನಿಲ್ಲ ಅಜ್ಜಿ, ಗ್ಯಾಸ್ ಅಷ್ಟೇ. ಇವಳೂ ಆಗಿನಿಂದ ಅದನ್ನೇ ಹೇಳ್ತಿದಾಳಲ್ಲ," ಎಂದು ಅಕ್ಕ ತನ್ನ ಎಡಕ್ಕೆ ಕೈ ತೋರಿಸಿದಳು.

ನಾನು ಅವಳ ಬಲಕ್ಕಿದ್ದೆ. ಒಡತಿ ಬಾಗಿಲ ಬಳಿ ಇದ್ದಳು. ಅಕ್ಕನ ಎಡಕ್ಕೆ ಇದ್ದದ್ದು ಒಂದು ಖಾಲಿ ಸ್ಟೂಲು.

"ಆಂಬುಲೆನ್ಸ್‌ಗೆ ಫೋನ್ ಮಾಡ್ರೇ, ಬೇಗ!" ಮುದುಕಿ ಅಕ್ಕನನ್ನು ಎದೆಗೆ ಒರಗಿಸಿಕೊಂಡು ಸ್ಟೂಲಿನ ಕಡೆ ತಿರುಗಿದಳು.

"ಇಲ್ಲಿಗೂ ಬಂದ್ಯಾ? ಉರ್ಕೋತಾ ಕೂತಿರು. ಇವಳನ್ನ ಕೊಡಲ್ಲ."